ಅಣ್ಣನ ಕುರ್ಚಿಗೆ ಇಳಿಸಿದ ಗಾಳಿ

ಅಣ್ಣನದು ಬೇಕರಿ, ತಂಗಿಯದು ಏಸಿ ಲೆಕ್ಕದ ಕೆಲಸ. ಇವನು ಬೆಳಗಾದರೆ ಬಿಸಿ ಮಾಡ್ತಾನೆ, ಅವಳು ಬೆಳಗಾದರೆ ತಂಪು ಮಾಡ್ತಾಳೆ, ಇಬ್ಬರೂ ಒಂದೇ ಹೊಟ್ಟೇಲಿ ಹುಟ್ಟಿದ್ದು ನಿಜಾನಾ ಅಂತ ಬ್ರೆಡ್ ತಗೊಳ್ಳಲು ಬಂದವರು ಕೇಳುತ್ತಿದ್ದರು. ಅಣ್ಣ ಈ ತಮಾಷೆಗೆ ಪ್ರತಿ ಸಲವೂ ಹೊಸದಾಗಿ ಕೇಳಿದವನ ಹಾಗೆ ನಗುತ್ತಿದ್ದ. ಗಿರಾಕಿ ನಕ್ಕರೆ ಬ್ರೆಡ್ ಎರಡು ದಿನ ಜಾಸ್ತಿ ಕೆಡದೆ ಇರುತ್ತದೆ ಎನ್ನುವುದು ಅವನ ವಾದ.

ಅಪ್ಪ ತೀರಿಕೊಂಡಾಗ ತಂಗಿ ಇನ್ನೂ ಶಾಲೆಯಲ್ಲಿದ್ದಳು. ಅಣ್ಣ ಓದು ಬಿಟ್ಟು ಒಲೆಯ ಮುಂದೆ ನಿಂತ. ಅವಳು ಶಾಲೆ ಬಿಟ್ಟ ಮೇಲೆ ನೇರ ಬೇಕರಿಗೆ ಬಂದು, ಹಿಟ್ಟು ನಾದುವ ಮೇಜಿನ ಒಂದು ತುದಿಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದಳು. ಹಾಳೆ ಸಿಗದಿದ್ದರೆ ಮೇಜಿನ ಮೇಲೆ ಚೆಲ್ಲಿದ ಮೈದಾದಲ್ಲೇ ಬೆರಳಿನಿಂದ ಬರೆಯುವಳು. ಉತ್ತರ ಸರಿ ಬಂದರೆ ಅಣ್ಣ ಅದನ್ನು ಒರೆಸುತ್ತಿರಲಿಲ್ಲ. ಹಿಟ್ಟು ನಾದುವವನಿಗೆ, "ಆ ಕಡೆ ಬೇಡ, ಈ ಕಡೆ ನಾದು" ಅನ್ನುತ್ತಿದ್ದ. ಹಿಟ್ಟು ನಾದುವವನ ನಿಜವಾದ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ. ಎಲ್ಲರಿಗೂ ಅವನು ಹಿಟ್ಟಪ್ಪ. ಅಪ್ಪನ ಕಾಲದಿಂದಲೂ ಅಲ್ಲೇ ಇದ್ದವನು.

ತಂಗಿ ದೊಡ್ಡವಳಾಗಿ ಎಂಜಿನಿಯರ್ ಆದಳು. ದೊಡ್ಡ ಕಟ್ಟಡಗಳಿಗೆ ಎಷ್ಟು ತಂಪು ಬೇಕು, ಆ ತಂಪುಗಾಳಿ ಯಾವ ಕೊಳವೆಯಲ್ಲಿ ಎಷ್ಟು ವೇಗದಲ್ಲಿ ಹೋಗಬೇಕು ಅಂತ ಲೆಕ್ಕ ಹಾಕಿಕೊಡುವುದು ಅವಳ ಕೆಲಸ. ಅಣ್ಣನಿಗೆ ಇದನ್ನು ವಿವರಿಸಿದ್ದಳು. ಒಂದು ಕೋಣೆಯೊಳಗೆ ಬಿಸಿ ಸುಮ್ಮನೆ ಹುಟ್ಟುವುದಿಲ್ಲ. ಬಿಸಿಲು ಬಿದ್ದ ಗೋಡೆಯಿಂದ ಬರುತ್ತದೆ, ಗಾಜಿನಿಂದ ಬರುತ್ತದೆ, ಸೂರಿನಿಂದ, ದೀಪದಿಂದ, ಬಾಗಿಲು ತೆಗೆದಾಗಲೆಲ್ಲ ಹೊರಗಿನ ಗಾಳಿಯಿಂದ. ಒಳಗೆ ಕೂತ ಮನುಷ್ಯರಿಂದಲೂ ಬರುತ್ತದೆ. ಎಲ್ಲವನ್ನೂ ಕೂಡಿ, ಅಷ್ಟನ್ನು ಹೊರಗೆ ಹಾಕಿದರೆ ಕೋಣೆ ತಣ್ಣಗಿರುತ್ತದೆ.

"ಒಬ್ಬ ಮನುಷ್ಯ ಎಷ್ಟು ಬಿಸಿ ಬಿಡ್ತಾನೆ?" ಅಂತ ಕೇಳಿದ್ದ ಅಣ್ಣ.

"ಸುಮ್ನೆ ಕೂತಿದ್ರೆ, ಹಳೇ ಕಾಲದ ದೊಡ್ಡ ಬಲ್ಬಿನಷ್ಟು."

"ನಿಮ್ಮತ್ತಿಗೆಗೆ ಸಿಟ್ಟು ಬಂದಾಗ?"

"ಆ ಕಾಲಂ ನಮ್ಮ ಪುಸ್ತಕದಲ್ಲಿ ಇಲ್ಲ."

ಅತ್ತಿಗೆ ಒಳಗಿಂದಲೇ, "ನಿಮ್ಮಿಬ್ಬರಿಗೂ ಊಟ ಇಲ್ಲ ಇವತ್ತು" ಅಂದಿದ್ದರು.

ಒಂದು ಮುಂಜಾನೆ ಒಲೆಯ ಗ್ಯಾಸ್ ಪೈಪು ಎಲ್ಲೋ ಸಡಿಲವಾಗಿತ್ತು. ಅಣ್ಣ ಒಲೆ ಹೊತ್ತಿಸಲು ಹೋದ. ಹಿಟ್ಟಪ್ಪ ಹಿಂದಿನ ಕೋಣೆಯಿಂದ ಗೋಣಿಚೀಲ ತಂದು ಅವನ ಮೇಲೆ ಬೀಳುವಷ್ಟರಲ್ಲಿ ಎದೆ, ಬೆನ್ನು, ಎರಡು ತೋಳು ಸುಟ್ಟಿದ್ದವು. ಮುಖ ಹೇಗೋ ಉಳಿಯಿತು.

ಆಸ್ಪತ್ರೆಯಲ್ಲಿ ತುಂಬಾ ದಿನ ಇದ್ದ. ಕಾಲಿನ ಚರ್ಮ ತೆಗೆದು ಮೈಗೆ ಹಚ್ಚಿದರು. ಬದುಕುತ್ತಾನೆ ಅಂತ ಖಚಿತವಾದ ದಿನ ಡಾಕ್ಟರಮ್ಮ ಅತ್ತಿಗೆಯನ್ನೂ ತಂಗಿಯನ್ನೂ ಕೂರಿಸಿಕೊಂಡು ಒಂದು ಮಾತು ಹೇಳಿದರು. "ಹಚ್ಚಿದ ಚರ್ಮ ಬೆವರೋದಿಲ್ಲ. ಇವರನ್ನ ಸೆಕೆಯಿಂದ ದೂರ ಇಡಬೇಕು. ಮುಂದೆಯೂ, ಯಾವಾಗಲೂ."

ಅತ್ತಿಗೆಗೆ ಇದು ದೊಡ್ಡ ವಿಷಯ ಅನ್ನಿಸಲಿಲ್ಲ. ಸಾವಿನ ಬಾಗಿಲಿಗೆ ಹೋಗಿ ಬಂದವನಿಗೆ ಬೆವರು ಬಾರದಿದ್ದರೆ ಏನಂತೆ ಅಂದುಕೊಂಡರು. ತಂಗಿ ಮಾತ್ರ ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದಳು. ಅವಳ ಲೆಕ್ಕದಲ್ಲಿ ಮನುಷ್ಯನ ಬಿಸಿಗೆ ಎರಡು ಕಾಲಂ ಇರುತ್ತದೆ. ಒಂದು, ಮೈಯಿಂದ ಸುತ್ತಲಿನ ಗಾಳಿಗೆ, ಗೋಡೆಗೆ ನೇರವಾಗಿ ಹೋಗುವುದು. ಇನ್ನೊಂದು, ಬೆವರು ಆರುವಾಗ ಹೋಗುವುದು. ಹೊರಗೆ ಸೆಕೆ ಏರಿದಷ್ಟೂ ಮೊದಲನೆಯದು ಕಮ್ಮಿಯಾಗುತ್ತ ಬರುತ್ತದೆ. ಗಾಳಿ ಮೈಗಿಂತ ಬಿಸಿಯಾದರೆ ಅದು ತಿರುಗಿ ಒಳಗೇ ಬರುತ್ತದೆ. ಆಗ ಮನುಷ್ಯನನ್ನು ಕಾಯುವುದು ಬೆವರೊಂದೇ. ಅಣ್ಣನ ಆ ಕಾಲಂ ಹೆಚ್ಚುಕಮ್ಮಿ ಖಾಲಿಯಾಗಿತ್ತು.

ಅವಳು ಅಣ್ಣನ ಮನೆಯ ನಡುಕೋಣೆಯನ್ನು ಆರಿಸಿದಳು. ಬಿಸಿಲು ತಾಗುವ ಗೋಡೆಗೆ ಒಳಗಿನಿಂದ ದಪ್ಪ ಹೊದಿಕೆ ಹಾಕಿಸಿದಳು, ಕಿಟಕಿಗೆ ಹೊರಗಿನಿಂದ ನೆರಳು ಕಟ್ಟಿಸಿದಳು. ಸಾಮಾನ್ಯ ಏಸಿಯ ಗಾಳಿ ರಭಸವಾಗಿ ಬಂದು ತಾಗಿದರೆ ಅಣ್ಣನಿಗೆ ಹಚ್ಚಿದ ಚರ್ಮದ ಅಂಚಿನಲ್ಲಿ ಸೂಜಿ ಚುಚ್ಚಿದ ಹಾಗಾಗುತ್ತಿತ್ತು. ಅದಕ್ಕೇ ಸೂರಿನ ಕೆಳಗೆ ಸಣ್ಣ ತೂತುಗಳ ತಗಡು ಕೂರಿಸಿ, ಗಾಳಿ ಎಲ್ಲಿಂದ ಬರುತ್ತಿದೆ ಅಂತ ಗೊತ್ತೇ ಆಗದ ಹಾಗೆ ನಿಧಾನಕ್ಕೆ ಇಳಿಯುವಂತೆ ಮಾಡಿದಳು. ಕೋಣೆ ಎಷ್ಟು ಚೆನ್ನಾಗಿ ಬಂತೆಂದರೆ, ಮೆಷಿನ್ ನಿಲ್ಲಿಸಿ ನೋಡಿದರೂ ಅರ್ಧ ದಿನದವರೆಗೆ ಒಳಗಿನ ತಂಪು ಕದಲಲಿಲ್ಲ.

ಅತ್ತಿಗೆ ಆ ಕೋಣೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಬಾಗಿಲು ತೆಗೆದವರು ತಕ್ಷಣ ಹಾಕಬೇಕು. ನೋಡಲು ಬಂದವರು ಇಬ್ಬರಿಗಿಂತ ಜಾಸ್ತಿ ಒಳಗೆ ಕೂರುವಂತಿಲ್ಲ. ಗುಂಪಾಗಿ ಬಂದರೆ ಉಳಿದವರು ಪಡಸಾಲೆಯಲ್ಲಿ ಕಾಯಬೇಕು. ಅಷ್ಟು ಕಟ್ಟುನಿಟ್ಟು ಬೇಕಿಲ್ಲ ಅಂತ ತಂಗಿ ಹೇಳಿದಳು. "ನೀನೇ ಅಲ್ವಾ ಒಬ್ಬೊಬ್ಬರೂ ಒಂದೊಂದು ಬಲ್ಬು ಅಂದಿದ್ದು" ಅಂದರು ಅತ್ತಿಗೆ. ಕಾಯಲು ಬೇಜಾರಾಗಿ ಜನ ಬರುವುದು ಕಮ್ಮಿಯಾಯಿತು.

ಹಿಟ್ಟಪ್ಪ ಮಾತ್ರ ದಿನಾ ಬರುತ್ತಿದ್ದ. ಆ ದಿನದ ಒಂದು ಬನ್ನು ಕಾಗದದಲ್ಲಿ ಸುತ್ತಿ ತರುತ್ತಿದ್ದ. ಅಣ್ಣ ಅದನ್ನು ಹೆಬ್ಬೆರಳಿನಿಂದ ಒತ್ತಿ, ಅದು ಮೇಲೇಳುವುದನ್ನು ನೋಡಿ, ಮೂಗಿನ ಹತ್ತಿರ ಹಿಡಿಯುತ್ತಿದ್ದ. ಕೆಲಸ ಮುಗಿಸಿ ತರುವಷ್ಟರಲ್ಲಿ ಅದು ಆರಿಹೋಗಿರುತ್ತಿತ್ತು. "ಚೆನ್ನಾಗಿದೆ" ಅಂತ ಪಕ್ಕಕ್ಕಿಡುತ್ತಿದ್ದ. ತಿನ್ನುತ್ತಿರಲಿಲ್ಲ. ಬರಬರುತ್ತಾ ಗೋಡೆಯ ಕಡೆ ಮುಖ ಮಾಡಿ ಮಲಗುವುದು ಜಾಸ್ತಿಯಾಯಿತು. ಅತ್ತಿಗೆ ಏನು ಕೇಳಿದರೂ, "ಹೂಂ", "ಬೇಡ", ಅಷ್ಟೇ.

ಒಂದು ಮಧ್ಯಾಹ್ನ ತಂಗಿ ಪಕ್ಕದಲ್ಲಿ ಕೂತಿದ್ದಳು. ಅಣ್ಣ ತಿರುಗದೆಯೇ ಹೇಳಿದ, "ಪುಟ್ಟಿ, ಒಳ್ಳೇ ರೂಮು ಮಾಡಿದೀಯ. ಹಣ್ಣು ತರಕಾರಿ ಇಟ್ಟಹಾಗೆ ಇಟ್ಟಿದೀಯ ನನ್ನ. ಕೆಡಲ್ಲ ನಾನು. ಅಷ್ಟೇ."

ಆಮೇಲೆ ಅವಳ ಕೈ ಮೇಲೆ ಕೈ ಇಟ್ಟು, "ಬೇಜಾರು ಮಾಡ್ಕೋಬೇಡ, ಸುಮ್ನೆ ಅಂದೆ" ಅಂದ. ಅವನು ಸುಮ್ಮನೆ ಅಂದದ್ದಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಅವಳು ಮರುದಿನವೇ ಬೇಕರಿಗೆ ಹೋಗಿ ಅಳತೆ ತೆಗೆದಳು. ಇಡೀ ಅಂಗಡಿಯನ್ನು ತಂಪು ಮಾಡುವುದು ಆಗದ ಮಾತು. ಒಲೆಯೇ ಅಷ್ಟು ಬಿಸಿ ಕಕ್ಕುತ್ತಿತ್ತು. ಆದರೆ ಇಡೀ ಅಂಗಡಿ ಯಾಕೆ ಬೇಕು? ದುಡ್ಡಿನ ಗಲ್ಲಾ ಮೇಜಿನ ಹಿಂದಿನ ಒಂದು ಕುರ್ಚಿ ಸಾಕು. ತಂಪುಗಾಳಿ ಭಾರ. ಕುರ್ಚಿಯ ಮೇಲ್ಗಡೆಯಿಂದ ಅಗಲವಾಗಿ, ಮೆಲ್ಲಗೆ ಬಿಟ್ಟರೆ ತಾನಾಗಿಯೇ ಕೆಳಗಿಳಿದು ಕೂತವನನ್ನು ಸುತ್ತಿಕೊಳ್ಳುತ್ತದೆ. ಗಲ್ಲಾ ಮೇಜೂ ಎರಡು ಬದಿಯ ಹಲಗೆಯೂ ಅದನ್ನು ತೊಟ್ಟಿಯ ಹಾಗೆ ಹಿಡಿದಿಡುತ್ತವೆ. ತೊಡಕು ಎರಡಿತ್ತು. ಗಾಳಿ ಎಷ್ಟೇ ತಣ್ಣಗಿದ್ದರೂ ಒಲೆ ಎದುರಿಗೆ ಕಾಣುತ್ತಿದ್ದರೆ ಅದರ ಬಿಸಿ ನೇರ ಬಂದು ಮೈಗೆ ತಾಗುತ್ತದೆ. ಅದಕ್ಕೆ ನಡುವೆ ಹೊಳೆಯುವ ತಗಡಿನ ಅಡ್ಡಮರೆ ಹಾಕಿಸಿದಳು. ಇನ್ನೊಂದು, ಒಲೆಯ ಮೇಲಿನ ದೊಡ್ಡ ಫ್ಯಾನು ಹೊಗೆಯ ಜೊತೆ ಅಂಗಡಿಯ ಗಾಳಿಯನ್ನೆಲ್ಲ ಎಳೆದು ಹೊರಗೆ ಹಾಕುತ್ತಿತ್ತು. ಅದು ಎಳೆದಷ್ಟು ಗಾಳಿ ಬೀದಿಯಿಂದ ಒಳಗೆ ನುಗ್ಗುತ್ತಿತ್ತು. ಒಲೆಯ ಪಕ್ಕದಲ್ಲೇ ಗೋಡೆ ಒಡೆದು ಅದಕ್ಕೆ ಬೇಕಾದ ಗಾಳಿಗೆ ಬೇರೆ ದಾರಿ ಕೊಟ್ಟಳು.

ಅತ್ತಿಗೆ ಒಪ್ಪಲಿಲ್ಲ.

"ಉಳಿದಿದಾರಲ್ಲ, ನಂಗೆ ಅದೇ ದೊಡ್ಡದು. ಮತ್ತೆ ಅದೇ ಒಲೆ ಪಕ್ಕಕ್ಕೆ ಯಾಕೆ ಕರ್ಕೊಂಡು ಹೋಗ್ತೀಯ?"

"ಅತ್ತಿಗೆ, ಅವನು ಮಾತಾಡ್ತಾನೇ ಇಲ್ಲ."

"ಮಾತಾಡದಿದ್ರೆ ಬೇಡ. ಉಸಿರಾಡ್ತಿದಾರಲ್ಲ."

ಕೊನೆಗೆ ಅಣ್ಣನೇ ಎದ್ದು ಕೂತು, "ಒಂದು ಸಲ ಹೋಗಿ ನೋಡ್ತೀನಿ" ಅಂದ. ಆ ಮಧ್ಯಾಹ್ನದ ನಂತರ ಅವನಾಗಿ ಆಡಿದ ಮೊದಲ ಮಾತು. ಅತ್ತಿಗೆಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಒಂದೇ ಷರತ್ತು ಹಾಕಿದರು: ಕರೆಂಟು ಹೋದ ಕೂಡಲೇ ಮನೆಗೆ ಬರಬೇಕು. ಮನೆ ಎರಡು ಬೀದಿಯಾಚೆ. ತಂಗಿಯೂ ಅದನ್ನೇ ಹೇಳಿದಳು. ಬ್ಯಾಟರಿ ಇಟ್ಟಿದ್ದಳು, ಆದರೆ ಅದು ಫ್ಯಾನ್ ತಿರುಗಿಸಬಲ್ಲದೇ ಹೊರತು ತಂಪು ಮಾಡಲಾರದು. "ಅದು ಮನೆಗೆ ಹೊರಡೋಕೆ ಕೊಟ್ಟಿರೋ ಟೈಮು, ಅಷ್ಟೇ" ಅಂತ ಅಣ್ಣನಿಗೂ ಹಿಟ್ಟಪ್ಪನಿಗೂ ಬಿಡಿಸಿ ಹೇಳಿದಳು.

ಮೊದಲ ದಿನ ಅಣ್ಣ ಕುರ್ಚಿಯಲ್ಲಿ ಕೂತು ಒಂದು ಚಿಟಿಕೆ ಮೈದಾ ತೆಗೆದು ತಲೆಯ ಮೇಲೆ ತೂರಿದ. ಹಿಟ್ಟು ಅತ್ತಿತ್ತ ಹೋಗದೆ ನೇರ ಅವನ ಮೈಮೇಲೆ ಮೆತ್ತಗೆ ಇಳಿಯಿತು. "ಲೆಕ್ಕ ಸರಿ ಬಂತು ಪುಟ್ಟಿ" ಅಂದ. ಅವಳು ಅಲ್ಲಿ ನಿಲ್ಲಲಾರದೆ ಹಿಂದಿನ ಕೋಣೆಗೆ ಹೋಗಿ ಮುಖ ತೊಳೆದುಕೊಂಡಳು.

ಚಳಿಗಾಲ ಕಳೆಯಿತು. ಅಣ್ಣ ಮತ್ತೆ ಮೊದಲಿನ ಅಣ್ಣನಾದ. ಗಿರಾಕಿಗಳ ಮಕ್ಕಳ ಪರೀಕ್ಷೆ, ಸೊಸೆಯಂದಿರ ಬಾಣಂತನ, ಯಾರ ಮನೆಯ ನಲ್ಲಿ ಸೋರುತ್ತಿದೆ, ಎಲ್ಲ ಅವನಿಗೆ ಬೇಕು. ಮನೆಗೆ ಬಂದ ಮೇಲೆ ಅದನ್ನೆಲ್ಲ ಅತ್ತಿಗೆಗೆ ಒಪ್ಪಿಸುವನು. ಅತ್ತಿಗೆ, "ನಂಗ್ಯಾಕೆ ಊರ ಉಸಾಬರಿ" ಅನ್ನುತ್ತಲೇ ಪೂರ್ತಿ ಕೇಳುವರು. ಎಷ್ಟೋ ದಿನ ತಾವೂ ಅಂಗಡಿಗೆ ಬಂದು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಕಣ್ಣು ಮಾತ್ರ ಗೋಡೆಯ ಥರ್ಮಾಮೀಟರ್ ಮೇಲೆ.

ಬೇಸಿಗೆ ಬಂತು. ಆ ವರ್ಷದ ಬಿಸಿಲು ಹಿಂದೆಂದೂ ಕಂಡಿಲ್ಲ ಅಂತ ಎಲ್ಲರೂ ಅನ್ನುತ್ತಿದ್ದರು. ಒಂದು ಮಧ್ಯಾಹ್ನ ಅರ್ಧಕ್ಕರ್ಧ ಊರಿನ ಕರೆಂಟು ಹೋಯಿತು. ಅತ್ತಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ತಂಗಿ ಊರಾಚೆ ಕಟ್ಟುತ್ತಿದ್ದ ಒಂದು ದೊಡ್ಡ ಕಟ್ಟಡದ ತಾರಸಿಯ ಮೇಲೆ ಮೆಷಿನ್‌ಗಳ ಜಾಗ ಗುರುತು ಮಾಡಿಸುತ್ತಿದ್ದಳು. ಅಲ್ಲಿ ಇನ್ನೂ ಕರೆಂಟೇ ಬಂದಿರಲಿಲ್ಲ, ಹಾಗಾಗಿ ಹೋದದ್ದೂ ಗೊತ್ತಾಗಲಿಲ್ಲ.

ಅಂಗಡಿಯಲ್ಲಿ ಆಗ ಏಳೆಂಟು ಜನ ಇದ್ದರು. ಹಿಟ್ಟಪ್ಪ ಬಂದು, "ಯಜಮಾನ್ರೆ, ಕರೆಂಟು ಹೋಯ್ತು, ಏಳಿ" ಅಂದ. ಅಣ್ಣ ಒಂದು ಕಥೆಯ ನಡುವೆ ಇದ್ದ. ಅಪ್ಪ ಹೋದ ಮೇಲೆ ಅವನೊಬ್ಬನೇ ಮಾಡಿದ ಮೊದಲ ಬ್ರೆಡ್ಡಿನ ಕಥೆ. ಈಸ್ಟ್ ಹಾಕುವುದನ್ನೇ ಮರೆತು, ಬ್ರೆಡ್ಡು ಇಟ್ಟಿಗೆಯಾಗಿ, ಅದನ್ನು ಬಾಗಿಲಿಗೆ ಒತ್ತುಕೊಟ್ಟು, ಇಲಿಯೂ ಕಚ್ಚಲಾರದೆ ಹೋದದ್ದು. "ಇನ್ನೈದು ನಿಮಿಷ ಇರು" ಅಂದ. ಸೂರಿನ ಫ್ಯಾನು ಬ್ಯಾಟರಿಯಲ್ಲಿ ತಿರುಗುತ್ತಲೇ ಇತ್ತು. ಹಿಟ್ಟಪ್ಪ ಇನ್ನೊಂದು ಸಲ ಬಂದ. "ಬಂದೆ ಕಣೋ" ಅಂದ ಅಣ್ಣ. ಸುಟ್ಟ ಚರ್ಮಕ್ಕೆ ಬಿಸಿ ಅಷ್ಟಾಗಿ ತಿಳಿಯುವುದಿಲ್ಲ. ತನ್ನ ಮೈ ಕಾಯುತ್ತಿದೆ ಅಂತ ಅವನಿಗೆ ಗೊತ್ತಾಗಲೇ ಇಲ್ಲ.

ಕಥೆ ಮುಗಿಯುವ ಹೊತ್ತಿಗೆ ಅವನ ಮಾತು ತೊದಲತೊಡಗಿತ್ತು. ಇಲಿ ಬ್ರೆಡ್ ಕಚ್ಚಿ ಹಲ್ಲು ಮುರಿದುಕೊಂಡು ಮಾತಾಡುವ ಹಾಗೆ ನಟಿಸುತ್ತಿದ್ದಾನೆ ಅಂತ ನಿಂತವರು ಹೊಟ್ಟೆ ಹಿಡಿದು ನಕ್ಕರು. ಅವನ ತಲೆ ಗಲ್ಲಾ ಮೇಜಿನ ಮೇಲೆ ಬಿದ್ದ ನಂತರವೂ ಒಬ್ಬಿಬ್ಬರು ನಗುತ್ತಲೇ ಇದ್ದರಂತೆ.

ಹಿಟ್ಟಪ್ಪ ಆಂಬುಲೆನ್ಸಿಗೆ ಹೇಳಿ, ತಂಗಿಗೆ ಫೋನ್ ಮಾಡಿದ.

"ನೀರು ಸುರೀರಿ" ಅಂದಳು ಅವಳು, ಮೆಟ್ಟಿಲು ಇಳಿಯುತ್ತಲೇ. "ಅಂಗಿ ಹರಿದು ಹಾಕಿ, ಮೈಯೆಲ್ಲ ಒದ್ದೆ ಮಾಡಿ. ಒದ್ದೆ ಬಟ್ಟೆ ಹೊದಿಸಿ ಗಾಳಿ ಬೀಸಿ. ನಿಲ್ಲಿಸಬೇಡಿ. ಅವನ ಬೆವರು ನೀವೇ ಆಗಬೇಕು ಹಿಟ್ಟಪ್ಪ."

"ಸುರೀತಿದೀವಿ ಅಕ್ಕ. ಎಲ್ಲರೂ ಬೀಸ್ತಿದಾರೆ."

ಫೋನಿನಲ್ಲಿ ನೀರಿನ ಸದ್ದು ಕೇಳುತ್ತಿತ್ತು, ಬ್ರೆಡ್ಡಿನ ತಟ್ಟೆಗಳಲ್ಲಿ ಗಾಳಿ ಬೀಸುವ ದಬದಬ ಕೇಳುತ್ತಿತ್ತು. ಸಿಗ್ನಲ್ ದೀಪಗಳು ಆರಿ ದಾರಿಯುದ್ದಕ್ಕೂ ವಾಹನಗಳು ಕಟ್ಟಿಕೊಂಡಿದ್ದವು. ಅವಳು ಕಾರನ್ನು ಅಲ್ಲೇ ಬಿಟ್ಟು ನಡೆದಳು, ಓಡಿದಳು, ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಬೆನ್ನು, ಹಣೆ, ಕತ್ತು, ಅವಳ ಮೈಯೆಲ್ಲ ಬೆವರು ಧಾರಾಕಾರ ಇಳಿಯುತ್ತಿತ್ತು.

ಆಂಬುಲೆನ್ಸ್ ಬರಲು ತಡವಾಯಿತು. ಆಸ್ಪತ್ರೆಗೆ ಸೇರಿಸಿದಾಗ ಉಸಿರಿತ್ತು. ಹೊತ್ತು ಮುಳುಗುವ ಮುಂಚೆ ಅದೂ ನಿಂತಿತು.

ಅತ್ತಿಗೆ ಅಳಲಿಲ್ಲ. ಆಸ್ಪತ್ರೆಯ ಬೆಂಚಿನಿಂದ ಎದ್ದು ತಂಗಿಯ ಮುಂದೆ ಬಂದು ನಿಂತರು.

"ನಾನು ಒಳಗೆ ಇಟ್ಕೊಂಡಿದ್ದೆ" ಅಂದರು. "ನೀನು ಹೊರಗೆ ಕರ್ಕೊಂಡು ಹೋದೆ."

ಅದಾದ ಮೇಲೆ ಅವರು ನಾದಿನಿಯ ಜೊತೆ ಮಾತು ಬಿಟ್ಟರು. ಮಣ್ಣು ಮಾಡಿದ ದಿನ ಪಕ್ಕಪಕ್ಕದಲ್ಲಿ ನಿಂತಿದ್ದರು, ಅಷ್ಟೇ. ಆಮೇಲೆ ಫೋನ್ ಎತ್ತಲಿಲ್ಲ. ಮನೆಗೆ ಹೋದರೆ ಬಾಗಿಲು ತೆರೆದು, "ತಲೆನೋವು" ಅಂತ ಒಳಗೆ ಹೋಗಿಬಿಡುತ್ತಿದ್ದರು. ತಂಗಿ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಕೂತು, ತಾನೇ ಬಾಗಿಲು ಎಳೆದುಕೊಂಡು ಬರುತ್ತಿದ್ದಳು.

ಕೆಲಸಕ್ಕೆ ಹೋದಳು. ಹೋಗದೆ ಮನೆಯಲ್ಲಿ ಏನು ಮಾಡುವುದು? ಒಂದು ಸಭಾಂಗಣದ ಲೆಕ್ಕ ಬಂದಿತ್ತು. ಗೋಡೆ ಹಾಕಿದಳು, ಗಾಜು ಹಾಕಿದಳು, ಸೂರು ಹಾಕಿದಳು. ಒಳಗೆ ಕೂರುವ ಜನರ ಬಿಸಿಯ ಕಾಲಂಗೆ ಬಂದಾಗ ಕೈ ಓಡಲಿಲ್ಲ. ಪಕ್ಕದ ಮೇಜಿನ ಸಹೋದ್ಯೋಗಿ ಫೈಲನ್ನು ತನ್ನ ಕಡೆ ಎಳೆದುಕೊಂಡ.

ಆ ಸಂಜೆ ಅವಳು ಬೇರೆ ಲೆಕ್ಕ ಮಾಡಿದಳು. ಮಾಡಬಾರದು ಅಂತ ಎಷ್ಟೋ ದಿನ ತಡೆದುಕೊಂಡಿದ್ದಳು. ಆ ದಿನದ ಬಿಸಿಲು, ಕರೆಂಟು ಇಲ್ಲದ ಅಷ್ಟು ಹೊತ್ತು, ಮನೆಯ ಆ ಕೋಣೆ, ಒಳಗೆ ಒಬ್ಬ ಮನುಷ್ಯ. ಎರಡು ಸಲ ಮಾಡಿದಳು. ಎರಡು ಸಲವೂ ಒಂದೇ ಉತ್ತರ ಬಂತು.

ಮಳೆ ಶುರುವಾದ ಮೇಲೆ ಒಂದು ದಿನ ಅತ್ತಿಗೆಯೇ ಅವಳ ಮನೆಗೆ ಬಂದರು. ಸೊರಗಿದ್ದರು. ಕೊಡೆಯನ್ನು ಬಾಗಿಲಲ್ಲಿ ಬಿಟ್ಟು ನೇರ ಒಳಗೆ ಬಂದು, ಕೂರದೆ, ನಿಂತೇ ಕೇಳಿದರು.

"ನಿನ್ನ ಹತ್ರ ಒಂದು ಕೇಳ್ಬೇಕು. ಅವತ್ತು ಅವರು ರೂಮಲ್ಲೇ ಇದ್ದಿದ್ರೆ ಬದುಕ್ತಿದ್ರಾ?"

ತಂಗಿ ಅವರ ಮುಖ ನೋಡಿದಳು. ಇಲ್ಲ ಅತ್ತಿಗೆ, ಕರೆಂಟು ಹೋಗಿತ್ತಲ್ಲ, ಅಲ್ಲೂ ಹೀಗೇ ಆಗ್ತಿತ್ತು ಅನ್ನುವುದು ಸುಲಭವಿತ್ತು. ಪರೀಕ್ಷೆ ಮಾಡಿ ನೋಡುವವರು ಯಾರೂ ಇರಲಿಲ್ಲ.

"ಬದುಕ್ತಿದ್ದ" ಅಂದಳು. "ಆ ರೂಮು ಅವತ್ತು ಬಿಸಿ ಆಗ್ತಿರಲಿಲ್ಲ."

ಅತ್ತಿಗೆ ಅಲ್ಲೇ ಇದ್ದ ಮಂಚದ ತುದಿಯಲ್ಲಿ ಕುಸಿದು ಕೂತರು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಆಸ್ಪತ್ರೆಯಲ್ಲಿ ಅಳದಿದ್ದದ್ದು, ಮಣ್ಣು ಮಾಡುವಾಗ ಅಳದಿದ್ದದ್ದು, ಎಲ್ಲ ಒಟ್ಟಿಗೆ ಬಂತು. ತಂಗಿ ಹತ್ತಿರ ಹೋಗಲು ಧೈರ್ಯ ಸಾಲದೆ ಗೋಡೆಗೆ ಒರಗಿ ನಿಂತಿದ್ದಳು.

"ಎಲ್ಲರೂ ಬಂದು ಹಣೆಬರಹ ಅಂತಾರೆ" ಅಂದರು ಅತ್ತಿಗೆ, ಕಣ್ಣೊರೆಸಿಕೊಂಡು. "ಎಲ್ಲಿದ್ರೂ ಹೋಗೋರೇ ಅಂತಾರೆ. ನಂಗೆ ಹುಚ್ಚು ಹಿಡಿಯೋ ಹಾಗಾಗುತ್ತೆ. ನೀನೂ ಹಾಗೇ ಅಂದಿದ್ರೆ ಇನ್ನೊಂದು ಸಲ ನಿನ್ನ ಮುಖ ನೋಡ್ತಿರಲಿಲ್ಲ."

"ಅತ್ತಿಗೆ, ನಾನು..."

"ಸುಮ್ನಿರು. ನಂಗೂ ಒಂದು ಹೇಳೋದಿದೆ. ರೂಮಲ್ಲಿದ್ದಾಗ ಒಂದಿನ, ನಾನು ಊಟ ಇಟ್ಟು ತಿರುಗಿದೆ. ನನ್ನ ಕೈ ಹಿಡ್ಕೊಂಡು, ಇನ್ನು ಸಾಕು ಕಣೇ ಅಂದ್ರು. ನಿಂಗೆ ಹೇಳಲಿಲ್ಲ ನಾನು. ಯಾರಿಗೂ ಹೇಳಲಿಲ್ಲ. ಅಂಗಡಿಗೆ ಹೋಗೋಕೆ ಶುರು ಮಾಡಿದ್ಮೇಲೆ ಆ ಮಾತು ಮತ್ತೆ ಬರಲಿಲ್ಲ."

ಕಿಟಕಿಯ ಹೊರಗೆ ಮಳೆ ಜೋರಾಯಿತು. ತಂಗಿ ಕೂತಳು, ಅತ್ತಿಗೆಯ ಪಕ್ಕದಲ್ಲಿ ಅಲ್ಲ, ಎದುರಿಗೆ, ನೆಲದ ಮೇಲೆ.

"ನಿನ್ನ ಕ್ಷಮಿಸಿದೀನಿ ಅಂತ ಹೇಳೋಕೆ ಬರಲ್ಲ ನಂಗೆ" ಅಂದರು ಅತ್ತಿಗೆ. "ಬೆಳಿಗ್ಗೆ ಎದ್ರೆ ಸಿಟ್ಟು ಬರುತ್ತೆ. ನಿನ್ನ ಮೇಲೆ, ಅವರ ಮೇಲೆ, ಆ ಹಲ್ಲಿನ ಡಾಕ್ಟ್ರ ಮೇಲೆ ಕೂಡ."

"ಹೇಳ್ಬೇಡಿ. ಬೇಡ."

"ಆದ್ರೆ ಆ ಮನೇಲಿ ಒಬ್ಬಳೇ ಇರೋಕೆ ಆಗ್ತಿಲ್ಲ ಕಣೇ."

ತಂಗಿ ಆ ವಾರವೇ ಬಟ್ಟೆಬರೆ ಕಟ್ಟಿಕೊಂಡು ಅಲ್ಲಿಗೆ ಹೋದಳು. ಬೇಕರಿ ಹಿಟ್ಟಪ್ಪನ ಕೈಯಲ್ಲಿ ನಡೆಯುತ್ತಿತ್ತು, ಅತ್ತಿಗೆ ಬೆಳಗಿನ ಹೊತ್ತು ಹೋಗಿ ಬರುತ್ತಿದ್ದರು. ಇಬ್ಬರ ನಡುವೆ ಮಾತು ಕಮ್ಮಿಯೇ ಇತ್ತು. ಕೆಲವು ದಿನ ಅತ್ತಿಗೆಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಅಂಥ ದಿನ ಪಾತ್ರೆಗಳ ಸದ್ದು ಜೋರಾಗಿರುತ್ತಿತ್ತು, ತಂಗಿ ತಲೆ ತಗ್ಗಿಸಿ ಊಟ ಮಾಡಿ ಎದ್ದು ಹೋಗುತ್ತಿದ್ದಳು. ಇನ್ನು ಕೆಲವು ದಿನ ಅವಳು ಕೆಲಸದಿಂದ ಬರುವುದು ತಡವಾದರೆ ಅತ್ತಿಗೆ ಬಾಗಿಲಲ್ಲೇ ನಿಂತಿರುತ್ತಿದ್ದರು. ಕಾಯುತ್ತಿದ್ದೆ ಅನ್ನುತ್ತಿರಲಿಲ್ಲ. "ಚಪ್ಪಲಿ ಹೊರಗೆ ಬಿಡು, ಕೆಸರು" ಅಂತ ಹೇಳಿ, ಸಾರು ಬಿಸಿ ಮಾಡಲು ಒಳಗೆ ಹೋಗುತ್ತಿದ್ದರು.